ನವೆಂಬರ್ ಒಂದರ ಸೇವಂತಿಗೆ

ಸಿಡ್ನಿ ವಿಮಾನ ನಿಲ್ದಾಣದ ಮುಂದೆ ಕಾರಿನ ಡಿಕ್ಕಿಯಿಂದ ಬ್ಯಾಗನ್ನು ಎತ್ತಿದ ಚಂದ್ರಶೇಖರ್ ಅದನ್ನು ಕೆಳಗಿಡದೆ ಒಂದು ಗಳಿಗೆ ಕೈಯಲ್ಲೇ ತೂಗಿ ನೋಡಿದಾಗ ಅರುಂಧತಿ ತಟ್ಟನೆ ಅದರತ್ತ ಕೈಚಾಚಿದಳು.

"ಏನೇ ಇದು, ಸಂಜೆ ವಾಪಸ್ ಬರೋಳಿಗೆ ಇಷ್ಟ್ ಭಾರ?"

"ದನೂತಾಗೆ ಚಟ್ನಿಪುಡಿ, ಉಪ್ಪಿನಕಾಯಿ. ಬಾಟ್ಲಿಗಳು ಭಾರ."

"ಹೌದೌದು, ಆಪರೇಷನ್ ಆದ್ಮೇಲೆ ಬಾಯಿ ಕೆಟ್ಟೋಗಿರತ್ತೆ ಪಾಪ," ಎಂದು ಅವನು ಬ್ಯಾಗಿನ ಹಿಡಿಯನ್ನು ಎಳೆದು ಅವಳ ಕೈಗೆ ಕೊಟ್ಟ. ದನೂತಾಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು, ನಿಜ. ಅದರ ಕೆಳಗೆ ನಾಲ್ಕು ಸೀರೆ, ಚಳಿಗಾಲದ ಬಟ್ಟೆ, ದಿಂಬಿನ ಕವರಿನಲ್ಲಿ ಸುತ್ತಿದ ಎಂ.ಎ. ಸರ್ಟಿಫಿಕೇಟು, ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗಿನ ಒಂದು ಫೋಟೋ ಇದ್ದವು. ವಾಪಸ್ ಬರುವ ಸಂಜೆಯ ಫ್ಲೈಟಿನ ಟಿಕೆಟ್ಟು ಪರ್ಸಿನಲ್ಲಿತ್ತು. ಅದನ್ನು ಬಳಸುವುದಿಲ್ಲವೆಂದು ಅವಳು ನಿರ್ಧರಿಸಿ ಬಹಳ ದಿನಗಳಾಗಿದ್ದವು. ಚಂದ್ರಶೇಖರ್ ಅವಳ ಸ್ವೆಟರಿನ ಮೇಲಿನ ಗುಂಡಿ ಹಾಕಿ, ಮೆಲ್ಬರ್ನಲ್ಲಿ ಗಾಳಿ ಜಾಸ್ತಿ ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ, ಸಂಕೋಚವಿದೆಯೆಂದು ತೋರಿಸಿಕೊಳ್ಳುವಷ್ಟೇ ಸಂಕೋಚದಿಂದ, "ಫ್ಲೈಟಲ್ಲಿ ಟೈಮ್ ಸಿಗತ್ತಲ್ಲ, ಸ್ಪೀಚಿಗೆ ಒಂದೆರಡು ಪಾಯಿಂಟ್ಸ್ ಯೋಚ್ನೆ ಮಾಡ್ಬಿಡು. ಈ ಸಲ ಕಾನ್ಸುಲೇಟಿಂದೆಲ್ಲಾ ಬರ್ತಾರೆ. ಕನ್ನಡ ಸಂಘದ ಮರ್ಯಾದೆ ಪ್ರಶ್ನೆ," ಎಂದ. ಅವಳು ಆಗಲಿ ಎಂದಳು. ಅವನ ಒಳ್ಳೆಯತನವೇ ಅವಳಿಗೆ ದೊಡ್ಡ ತೊಂದರೆ. ಕುಡಿಯುವವನಲ್ಲ, ಕೂಗಾಡುವವನಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಕೈಯೆತ್ತಿದ್ದರೂ ಹೊರಡುವುದು ಸುಲಭವಾಗುತ್ತಿತ್ತಲ್ಲ ಎಂದು ಕಳೆದ ವಾರ ಬಟ್ಟೆ ಮಡಚುವಾಗ ಅಂದುಕೊಂಡಿದ್ದಳು. ಅಂದುಕೊಂಡ ತಕ್ಷಣ ಕೈಯಲ್ಲಿದ್ದ ಅವನ ಶರಟಿನೆದುರು ನಾಚಿಕೆಯಾಗಿ ಅದನ್ನು ಬೇಗಬೇಗ ಮಡಚಿಟ್ಟಿದ್ದಳು. ಮಗಳು ಸಿಂಚನಾ ಇವಳು ಹೊರಡುವಾಗ ಮಲಗಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ಭಾನುವಾರ ಯಾಕೆ ಎಬ್ಬಿಸುವುದು ಎಂದು ತನಗೆ ತಾನೇ ಹೇಳಿಕೊಂಡು, ಬಾಗಿಲ ಸಂದಿನಿಂದ ಅವಳ ಪಾದಗಳನ್ನಷ್ಟೇ ನೋಡಿ ಬಂದಿದ್ದಳು. ರಜೆಗೆ ಮೆಲ್ಬರ್ನಿಗೆ ಕರೆಸಿಕೊಳ್ಳಬಹುದು. ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ. ಹೇಳುವುದಕ್ಕೆ ಮಾತ್ರ ಯಾವ ಭಾಷೆ ಎಂದು ಗೊತ್ತಿಲ್ಲ. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ.

ಗೇಟಿಗೆ ಹೋಗುವ ದಾರಿಯಲ್ಲಿ ಹೂವಿನಂಗಡಿಯವನು ಬಕೆಟ್ಟು ತುಂಬ ಬಿಳಿ ಸೇವಂತಿಗೆ ಇಟ್ಟಿದ್ದ. ಇವತ್ತು ಮದರ್ಸ್ ಡೇ. ಈ ದೇಶದಲ್ಲಿ ಮೇ ತಿಂಗಳೆಂದರೆ ಎಲೆ ಉದುರುವ ಕಾಲ, ಸೇವಂತಿಗೆ ಅರಳುವ ಕಾಲ. ಅಮ್ಮಂದಿರಿಗೆ ಅದನ್ನೇ ಕೊಡುವುದು ಇಲ್ಲಿಯ ರೂಢಿ. ಅರುಂಧತಿ ಅಭ್ಯಾಸಬಲದಿಂದ ಒಂದು ಕಟ್ಟು ಕೈಗೆತ್ತಿಕೊಂಡಳು, ದನೂತಾಳ ನೆನಪಾಗಿ ಬಿಸಿ ತಾಗಿದವಳಂತೆ ವಾಪಸಿಟ್ಟಳು. ಆ ತಪ್ಪನ್ನು ಒಂದು ಸಲ ಮಾಡಿದ್ದು ಸಾಕು. ಆಗ ಇಬ್ಬರೂ ಸಿಡ್ನಿಯ ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಟೈಪಿಸ್ಟುಗಳು. ಡಾಕ್ಟರುಗಳು ಟೇಪಿನಲ್ಲಿ ಹೇಳಿ ಕಳಿಸಿದ್ದನ್ನು ಕಾಗದವಾಗಿ ಟೈಪ್ ಮಾಡಿಕೊಡುವ ಆಫೀಸು ಅದು. ಕಿವಿಗೆ ಹೆಡ್‌ಫೋನು, ಪಾದದಡಿಗೆ ಒಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾನೆ, ಬಿಟ್ಟರೆ ಸುಮ್ಮನಾಗುತ್ತಾನೆ. "ಗಂಡಸರನ್ನು ಕಾಲಲ್ಲಿ ಸುಮ್ಮನಿರಿಸುವ ಇಂಥ ಸೌಕರ್ಯ ನಿನಗೆ ಬೇರೆಲ್ಲೂ ಸಿಗುವುದಿಲ್ಲ," ಎಂದು ದನೂತಾ ಮೊದಲ ದಿನವೇ ಹೇಳಿದ್ದಳು. ಅವಳು ಪೋಲೆಂಡಿನವಳು, ಇವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ನರೆತ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದವಳು. ಡಾಕ್ಟರು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಮುಗಿಸುವುದು, ಅವನು ತಪ್ಪಿದ್ದನ್ನು ತಪ್ಪೇ ಆಗಿರಲಿಲ್ಲವೆಂಬಂತೆ ಸರಿಮಾಡುವುದು ಇವರ ಕೆಲಸದಲ್ಲೇ ಸೇರಿತ್ತು. ಕಾಗದದ ಕೊನೆಗೆ ಡಾಕ್ಟರ ಇನಿಷಿಯಲ್ಲು ದೊಡ್ಡಕ್ಷರದಲ್ಲಿ, ಆಮೇಲೊಂದು ಗೀಟು, ಗೀಟಿನಾಚೆ ಟೈಪ್ ಮಾಡಿದವಳದ್ದು ಸಣ್ಣಕ್ಷರದಲ್ಲಿ. ಗೀಟಿನ ಆಚೆಗಿನವರು ನಾವು, ಎಂದು ದನೂತಾ ಕಾಫಿ ಕುಡಿಯುವಾಗ ಅನ್ನುತ್ತಿದ್ದಳು. ಅರುಂಧತಿ ಎಂದರೇನು ಎಂದು ಒಮ್ಮೆ ಕೇಳಿದ್ದಳು. ಅದೊಂದು ನಕ್ಷತ್ರ, ನಮ್ಮಲ್ಲಿ ಮದುವೆಯ ದಿನ ಹೆಣ್ಣಿಗೆ ತೋರಿಸುತ್ತಾರೆ, ಹಾಡುಹಗಲಲ್ಲಿ ತೋರಿಸಿದರೂ ಕಂಡಿತು ಅನ್ನಬೇಕು, ಎಂದು ಇವಳು ವಿವರಿಸಿದ್ದಳು. ಇಲ್ಲಿ ರಾತ್ರಿಯಾದರೂ ಕಾಣುತ್ತದೆಯೇ ಎಂದು ದನೂತಾ ಕೇಳಿದಾಗ, ಅದು ತೀರಾ ಉತ್ತರದ ನಕ್ಷತ್ರ, ಸಿಡ್ನಿಯಿಂದ ಕಾಣುವುದೇ ಇಲ್ಲ ಎಂಬುದು ಇವಳಿಗೆ ಮೊದಲ ಸಲ ಹೊಳೆದಿತ್ತು.

ಆ ತಪ್ಪು ನಡೆದ ನವೆಂಬರ್ ಒಂದರ ಹಿಂದಿನ ಸಂಜೆ ಅರುಂಧತಿ ಸಂಘದ ರಾಜ್ಯೋತ್ಸವಕ್ಕೆಂದು, ಭುವನೇಶ್ವರಿಯ ಪಟಕ್ಕೆ ಹಾರ ಕಟ್ಟಲು ಫ್ಲೆಮಿಂಗ್ಟನ್ ಮಾರ್ಕೆಟ್ಟಿನಿಂದ ಹಳದಿ ಸೇವಂತಿಗೆ ತಂದಿದ್ದಳು. ಇಷ್ಟು ದೂರದ ದೇಶದಲ್ಲಿ ದೇವರಾಜ ಮಾರ್ಕೆಟ್ಟಿನದೇ ಘಮ ಸಿಕ್ಕಿತಲ್ಲ ಎಂದು ಖುಷಿಯೋ ಖುಷಿ. ಹಾರಕ್ಕೆ ಹೋಗಿ ಉಳಿದದ್ದನ್ನು ಬೆಳಿಗ್ಗೆ ಒಂದು ಕಟ್ಟು ಮಾಡಿ ದನೂತಾಳ ಕೀಬೋರ್ಡಿನ ಪಕ್ಕ ಇಟ್ಟಳು. ದನೂತಾ ಹೆಡ್‌ಫೋನು ತೆಗೆದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಇವತ್ತೇ ಯಾಕೆ ತಂದೆ? ನಿನಗೆ ಯಾರು ಹೇಳಿದರು?" ಎಂದಳು. ಇವತ್ತು ನಮ್ಮ ಕನ್ನಡದ ಹಬ್ಬ, ಈ ಹೂವನ್ನು ನಮ್ಮ ನಾಡಿನ ತಾಯಿಗೆ ಏರಿಸುತ್ತೇವೆ ಎಂದು ಅರುಂಧತಿ ತೊದಲಿದಾಗ ದನೂತಾ ನಗತೊಡಗಿ, ನಗು ನಿಲ್ಲದೆ, ಕೊನೆಗೆ ಅದು ನಗುವೇ ಅಲ್ಲದೆ, ಅಕ್ಕಪಕ್ಕದ ಟೈಪಿಸ್ಟುಗಳೆಲ್ಲ ಪೆಡಲಿನಿಂದ ಕಾಲೆತ್ತಿ ನೋಡುವಂತಾಯಿತು. ಪೋಲೆಂಡಿನಲ್ಲಿ ನವೆಂಬರ್ ಒಂದು ಸತ್ತವರ ದಿನವಂತೆ. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ, ದೀಪ ಹಚ್ಚಿ, ಗೋರಿಗಳ ಮೇಲೆ ಸೇವಂತಿಗೆ ಇಟ್ಟು ಬರುತ್ತದಂತೆ. ಆ ಹೂವನ್ನು ಬದುಕಿದ್ದವರ ಕೈಗೆ ಯಾರೂ ಕೊಡುವುದಿಲ್ಲ. ಅರುಂಧತಿ ನಾಚಿಕೆಯಿಂದ ಸತ್ತುಹೋಗಿ ಹೂವನ್ನು ತೆಗೆಯಲು ಕೈಚಾಚಿದಳು. ದನೂತಾ ಬಿಡಲಿಲ್ಲ. "ಇರಲಿ. ಇದನ್ನು ಕೊಡಬೇಕಾದವಳು ಒಬ್ಬಳಿದ್ದಾಳೆ. ಅವಳ ಹತ್ತಿರ ಹೋಗಲು ನನಗೆ ಮುಖವಿಲ್ಲ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಈ ದೇಶದವರು ಇದನ್ನೇ ತಾಯಂದಿರಿಗೆ ಕೊಡುತ್ತಾರೆ, ನೋಡಿದ್ದೀಯಲ್ಲ? ಇವರಷ್ಟು ಪ್ರಾಮಾಣಿಕ ಜನ ಬೇರೆ ಇಲ್ಲ," ಎಂದಳು.

ಕೊಡಬೇಕಾದವಳ ಹೆಸರು ಬೊಝೆನಾ. ಆ ಮಧ್ಯಾಹ್ನ ಆಫೀಸಿನ ಹಿಂದಿನ ಕಾರ್‌ಪಾರ್ಕಿನಲ್ಲಿ ದನೂತಾ ಹೇಳಿದ್ದನ್ನು ಅರುಂಧತಿ ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದಾಳೆಂದರೆ, ಈಗ ವಿಮಾನದ ಕಿಟಕಿಯಾಚೆ ಮೋಡದ ಮೇಲೆ ಲೂಬ್ಲಿನ್ ಎಂಬ ತಾನು ಕಾಣದ ಪೋಲಿಷ್ ಊರಿನ ಅಡುಗೆಮನೆಯೊಂದನ್ನು ಅವಳು ತನ್ನದೇ ಅಡುಗೆಮನೆಯಷ್ಟು ಸಲೀಸಾಗಿ ಕಾಣಬಲ್ಲಳು. ಎಂಬತ್ತೊಂದರ ಡಿಸೆಂಬರಿನಲ್ಲಿ ಸರ್ಕಾರ ಬೀದಿಗೆ ಟ್ಯಾಂಕುಗಳನ್ನು ಇಳಿಸಿ, ಟೆಲಿಫೋನು ಕತ್ತರಿಸಿ, ಕಾರ್ಮಿಕರ ಯೂನಿಯನ್ನಿನ ಗಂಡಸರನ್ನೆಲ್ಲ ಹಿಡಿದು ಒಳಗೆ ಹಾಕಿತು. ದನೂತಾಳ ಗಂಡನೂ ಅವರಲ್ಲಿ ಒಬ್ಬ. ಹೆಂಗಸರನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅವರು ಹೊರಗೆ ಉಳಿದರು. ಉಳಿದವರು ಸುಮ್ಮನಿರಲಿಲ್ಲ, ದನೂತಾ, ಬೊಝೆನಾ ಸೇರಿ ಬೊಝೆನಾಳ ಅಡುಗೆಮನೆಯಲ್ಲಿ ಕದ್ದು ಪತ್ರಿಕೆ ಅಚ್ಚು ಹಾಕಿದರು. ಪಾತ್ರೆ ಬಟ್ಟೆ ತೊಳೆಯುವ ಪೇಸ್ಟಿಗೆ ಬಣ್ಣ ಕಲಸಿ ಶಾಯಿ ಮಾಡುವುದು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಅದನ್ನು ಕಾಗದದ ಮೇಲೆ ಒತ್ತುವುದು, ಒಣಗಿದ ಹಾಳೆಗಳನ್ನು ಮಗುವಿನ ಗಾಡಿಯಲ್ಲಿ ಹಾಸಿಗೆಯ ಕೆಳಗಿಟ್ಟು ಮೇಲೆ ದನೂತಾಳ ಮಗನನ್ನು ಮಲಗಿಸಿ ಪೊಲೀಸರ ಎದುರೇ ತಳ್ಳಿಕೊಂಡು ಹೋಗುವುದು. ತಲೆಮರೆಸಿಕೊಂಡಿದ್ದ ಒಬ್ಬ ನಾಯಕನ ಹೇಳಿಕೆ ಪ್ರತಿವಾರ ಮೊದಲ ಪುಟದಲ್ಲಿ ಬರುತ್ತಿತ್ತು. ಅವನು ಎಲ್ಲಿದ್ದಾನೆಂದು ಇವರಿಗೂ ಗೊತ್ತಿರಲಿಲ್ಲ. ಹೇಳಿಕೆಯನ್ನು ಬೊಝೆನಾ ಬರೆಯುತ್ತಿದ್ದಳು, ದನೂತಾ ಟೈಪ್ ಮಾಡಿ ಕೆಳಗೆ ಅವನ ಹೆಸರು ಹಾಕುತ್ತಿದ್ದಳು. ಜನ ಅದನ್ನು ಬಾಯಿಪಾಠ ಮಾಡಿದರು. ಹೆಂಗಸಿನ ಹೆಸರು ಹಾಕಿದ್ದರೆ ಯಾರು ಓದುತ್ತಿದ್ದರು, ದೇಶದ ಕೆಲಸ, ಯಾರ ಹೆಸರಾದರೇನು ಎಂದು ಬೊಝೆನಾ ಅನ್ನುತ್ತಿದ್ದಳಂತೆ. ಮರುವರ್ಷ ಸರ್ಕಾರ ದನೂತಾಳ ಗಂಡನಿಗೆ, ದೇಶ ಬಿಟ್ಟು ಹೋಗುವುದಾದರೆ ಬಿಡುತ್ತೇವೆ, ಮತ್ತೆ ಬರುವಂತಿಲ್ಲ ಎಂದಿತು. ಅವನು ಒಪ್ಪಿದ. ದನೂತಾ ಬೊಝೆನಾಳ ಅಡುಗೆಮನೆಗೆ ಹೋಗಿ, ನಾನು ಹೊರಟೆ, ಗಂಡ, ಮಗು, ಏನು ಮಾಡಲಿ, ಎಂದಳು. ಬೊಝೆನಾ ಒಂದೇ ಮಾತು ಹೇಳಿದಳು. "ಒಚಿವಿಶ್ಚೆ." ಹೌದಲ್ಲ, ಅದು ಇದ್ದದ್ದೇ ತಾನೆ, ಎಂದು ಅರ್ಥ. ಹೇಳಿ ತಿರುಗಿ ನೋಡದೆ ಶಾಯಿ ಕಲಸುತ್ತಲೇ ಇದ್ದಳು. ದನೂತಾ ಹೋದ ಮೇಲೆ ಗಾಡಿ ತಳ್ಳಲು ಯಾರೂ ಇಲ್ಲದೆ ಹಾಳೆಗಳನ್ನು ಕೋಟಿನೊಳಗೆ ಒಯ್ಯುವಾಗ ಸಿಕ್ಕಿಬಿದ್ದಳು. ಜೈಲಿನಿಂದ ಕೆಟ್ಟ ಶ್ವಾಸಕೋಶ ಹೊತ್ತುಕೊಂಡು ಬಂದಳು. ಸರ್ಕಾರ ಬಿದ್ದು, ದೇಶ ಸ್ವತಂತ್ರವಾಗಿ, ತಲೆಮರೆಸಿಕೊಂಡಿದ್ದ ನಾಯಕ ಹೊರಬಂದು ವೇದಿಕೆಗಳ ಮೇಲೆ ಆ ಹೇಳಿಕೆಗಳನ್ನು ತಾನೇ ಬರೆದದ್ದೆಂದು ಓದಿದ. ಸುಳ್ಳು ಹೇಳಿದನೆಂದಲ್ಲ, ಅಷ್ಟು ಹೊತ್ತಿಗೆ ಅವನೂ ಹಾಗೆ ನಂಬಿದ್ದ. ಆಮೇಲೆ ಅಂಥ ನಾಯಕರೆಲ್ಲ ಸೇರಿ ಹೆಂಗಸರು ಬಸಿರು ಬೇಡವೆನ್ನುವುದನ್ನು ಅಪರಾಧ ಮಾಡಿದರು, ಪೋಲಿಷ್ ತಾಯಿಯನ್ನು ಹೊಗಳಿ ಭಾಷಣ ಮಾಡಿದರು. ಬೊಝೆನಾ ಸತ್ತ ಸುದ್ದಿ ದನೂತಾಗೆ ಯಾರೋ ನೆಂಟರ ಮೂಲಕ ಗೊತ್ತಾದದ್ದು ಅರುಂಧತಿ ಸೇವಂತಿಗೆ ತಂದ ವರ್ಷವೇ, ಅದಕ್ಕೆ ಕೆಲವು ತಿಂಗಳ ಮುಂಚೆ. ಇಷ್ಟಾದರೂ ದನೂತಾ ಪೋಲಿಷ್ ಕ್ಲಬ್ಬಿನಲ್ಲಿ ರಾಷ್ಟ್ರಗೀತೆ ಶುರುವಾದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾಳೆ, ಅಳುತ್ತಾಳೆ ಕೂಡ. ನನ್ನ ಕಾಲು ತಾನಾಗಿ ಎದ್ದು ನಿಲ್ಲುತ್ತದೆ, ನಾನೇನು ಮಾಡಲಿ ಎಂದು ಬೈದುಕೊಳ್ಳುತ್ತಾಳೆ.

ಅರುಂಧತಿಗೆ ತನ್ನ ಕಥೆಯಲ್ಲಿ ಟ್ಯಾಂಕುಗಳಿಲ್ಲ ಎಂಬುದೇ ಒಂದು ಅವಮಾನ. ಅವಳ ಕಥೆಯಲ್ಲಿ ಇರುವುದು ಕಮ್ಯುನಿಟಿ ಹಾಲಿನ ಹಿಂದಿನ ಅಡುಗೆಮನೆ, ತಟ್ಟೆ ಕೊಡುವ ಒಂದು ಕಿಂಡಿ. ಹೋದ ನವೆಂಬರಿನಲ್ಲಿ ಅವಳು ಮಿಕ್ಕ ಹೆಂಗಸರ ಜೊತೆ ಆ ಕಿಂಡಿಯ ಈಚೆ ಹೋಳಿಗೆ ಲಟ್ಟಿಸುತ್ತಿದ್ದಾಗ ಕಿಂಡಿಯ ಆಚೆಯಿಂದ ಸಂಘದ ಅಧ್ಯಕ್ಷರಾದ ಶ್ರೀ ಚಂದ್ರಶೇಖರ್ ಅವರ ಧ್ವನಿ ಬಂತು. ಗಂಟಲು ಒಳ್ಳೆಯದು ಅವನದ್ದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವಳು ಮೂರು ದಿನ ಕೂತು ಬರೆದ ಭಾಷಣವನ್ನು ಅವನು ಚೀಟಿ ನೋಡದೆ ಹೇಳಿದ. ಕನ್ನಡವ್ವ ಎಂಬಲ್ಲಿ ಅವನ ಗಂಟಲು ಕಟ್ಟಿತು, ಅದು ನಾಟಕವಲ್ಲ. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಪಕ್ಕದಲ್ಲಿ ಹೂರಣ ಉಂಡೆ ಮಾಡುತ್ತಿದ್ದ ಶ್ರೀಲಕ್ಷ್ಮಿ, "ಏನ್ ಮಾತಾಡ್ತಾರ್ರೀ ನಿಮ್ಮನೆಯವ್ರು, ನಂಗ್ ಅಳೂನೇ ಬಂದ್ಬಿಡ್ತು," ಎಂದಳು. ಕೊನೆಗೆ ಅವನು, "ನಮ್ಮ ಲೇಡೀಸ್‌ಗೂ ಒಂದು ಜೋರಾದ ಚಪ್ಪಾಳೆ, ಅವ್ರಿಲ್ದಿದ್ರೆ ಇವತ್ತು ನಮಗ್ಯಾರಿಗೂ ಹೋಳಿಗೆ ಇಲ್ಲ," ಎಂದ. ಎಲ್ಲರೂ ನಕ್ಕರು. ಕಿಂಡಿಯ ಈಚೆಯವರು ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು, ಅರುಂಧತಿಯ ಕೈಯಿಂದ ಮೈದಾ ಹಿಟ್ಟು ಹಾರಿ ಕನ್ನಡಕದ ಮೇಲೆ ಕೂತಿತು. ಇದನ್ನು ಫೋನಿನಲ್ಲಿ ಹೇಳಿದಾಗ ದನೂತಾ, ಆಗಲೇ ಗಂಡ ತೀರಿಕೊಂಡು ಮೆಲ್ಬರ್ನಿಗೆ ಹೋಗಿ ನೆಲೆಸಿದ್ದವಳು, ಬೈದ ಬೈಗುಳ ಪೋಲಿಷ್ ಆದ್ದರಿಂದ ಅರ್ಥವಾಗಲಿಲ್ಲ. ಆಮೇಲೆಯೇ ದನೂತಾ ಇವಳಿಗಾಗಿ ಒಂದು ಕೆಲಸ ಹುಡುಕಿದ್ದು. ಮೆಲ್ಬರ್ನಿನ ಸೇಂಟ್ ಆಲ್ಬನ್ಸಿನಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಹೆಂಗಸರು ನಡೆಸುವ ಒಂದು ಸಣ್ಣ ಕೇಂದ್ರ. ಅಲ್ಲಿಗೆ ಬರುವ ಹೆಂಗಸರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆದು ಪುಸ್ತಕ ಮಾಡಬೇಕು. ಇತಿಹಾಸ ಓದಿದವಳು, ಟೇಪು ಕೇಳಿ ಬರೆಯುವ ಅಭ್ಯಾಸ ಇರುವವಳು ಬೇಕು. ಪುಸ್ತಕದ ಮೇಲೆ ಅರುಂಧತಿಯ ಹೆಸರೇ ಇರುತ್ತದೆ. ಇರಲು ದನೂತಾಳ ಮನೆಯ ಹಿಂದಿನ ಕೋಣೆ. ನಾಳೆ ಸೋಮವಾರ ಬೆಳಿಗ್ಗೆ ಹೋಗಿ ಕೂರಬೇಕು, ಅಷ್ಟೇ. ಅರುಂಧತಿ ಫೋನಿನಲ್ಲಿ ಹೂಂ ಎಂದಿದ್ದಳು. ಕಿಂಡಿಯ ಕಥೆಯಲ್ಲಿ ಒಂದನ್ನು ಮಾತ್ರ ಅವಳು ದನೂತಾಗೂ ಹೇಳಿರಲಿಲ್ಲ. ಅವನ ಗಂಟಲಿನಲ್ಲಿ ತನ್ನ ವಾಕ್ಯ ಏರುತ್ತಿದ್ದಾಗ, ಅಷ್ಟು ಜನ ಉಸಿರು ಹಿಡಿದು ಕೂತಿದ್ದಾಗ, ಲಟ್ಟಣಿಗೆ ಹಿಡಿದಿದ್ದ ಅವಳಿಗೆ ಮೈಯೆಲ್ಲ ಜುಮ್ಮೆಂದಿತ್ತು. ಅವಮಾನ ಆಮೇಲೆ ಬಂದದ್ದು. ಮೊದಲು ಬಂದದ್ದು ಸುಖ.

ವಿಮಾನ ನಿಲ್ದಾಣಕ್ಕೆ ದನೂತಾ ತನ್ನ ಹಳೇ ಕಾರಿನಲ್ಲಿ ಬಂದಿದ್ದಳು. ಬ್ಯಾಗಿನ ಭಾರ ನೋಡಿ ಅವಳೂ ಒಂದು ಗಳಿಗೆ ನಿಂತಳು, ಆದರೆ ಅವಳ ಮುಖ ಅರಳಿತು. ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಕೇಂದ್ರಕ್ಕೆ ನಡೆದೇ ಹೋಗಬಹುದು, ಮೂಲೆಯ ವಿಯೆಟ್ನಾಮಿನವರ ಅಂಗಡಿಯಲ್ಲಿ ನಿಮ್ಮ ಕರಿಬೇವು ಸಿಗುತ್ತದೆ, ಕೇಳಿಕೊಂಡು ಬಂದಿದ್ದೇನೆ. ಮನೆಯ ನಡುಕೋಣೆಯ ಗೋಡೆಯ ಮೇಲೆ ಅವಳ ಮುತ್ತಜ್ಜಿಯ ಫೋಟೋ ಇತ್ತು, ಕುತ್ತಿಗೆವರೆಗೆ ಕಪ್ಪು ಬಟ್ಟೆ, ಬೇಡಿಯ ಆಕಾರದ ಕಪ್ಪು ಪಿನ್ನು. ಹಿಂದೊಂದು ಕಾಲಕ್ಕೆ ರಷ್ಯಾದ ದೊರೆ ತ್ಸಾರನ ವಿರುದ್ಧ ದಂಗೆಯೆದ್ದು ಪೋಲೆಂಡು ಸೋತಾಗ ಹೆಂಗಸರು ದೇಶಕ್ಕಾಗಿ ಸೂತಕದ ಬಟ್ಟೆ ಉಟ್ಟರು, ಕಪ್ಪು ಉಟ್ಟರೆ ದಂಡ ಎಂದು ಪೊಲೀಸರು ಹಿಡಿದರು. "ಯಾವ ಬಣ್ಣ ಉಡಬೇಕೆಂದು ಒಬ್ಬರು ಹೇಳಿದರು, ಯಾವ ಬಣ್ಣ ಉಡಬಾರದೆಂದು ಇನ್ನೊಬ್ಬರು ಹೇಳಿದರು. ಅಜ್ಜಿಗೆ ಹಸಿರು ಇಷ್ಟವಿತ್ತಂತೆ," ಎನ್ನುತ್ತ ದನೂತಾ ಹಿಂದಿನ ಕೋಣೆಯ ಬಾಗಿಲು ತೆರೆದಳು. ಗೋಡೆಗೆ ಹೊಸ ಬಣ್ಣ, ಇನ್ನೂ ವಾಸನೆ ಹೋಗಿರಲಿಲ್ಲ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಹಚ್ಚಿಟ್ಟ ದೀಪ. ಮಂಚದ ಮೇಲೆ ಬಿಗಿಯಾಗಿ ಎಳೆದು ಹಾಸಿದ ಚಾದರ. ಒಂದು ಮೂಲೆಯಲ್ಲಿ ಪೆಟ್ಟಿಗೆಯಿಂದ ಹೊರತೆಗೆಯದ ಪ್ರೆಷರ್ ಕುಕ್ಕರು. "ಇದಿಲ್ಲದೆ ನಿಮ್ಮವರು ಬದುಕುವುದಿಲ್ಲವಂತಲ್ಲ." ಅರುಂಧತಿ ಮೇಜಿನ ಮುಂದೆ ಕೂತು ನೋಡಿದಳು. ಬೇಲಿ, ಬಟ್ಟೆ ಒಣಗಿಸುವ ತಂತಿ, ನಿಂಬೆಗಿಡ. ಯಾರೂ ಕರೆಯಲಿಲ್ಲ. ಇಲ್ಲಿ ಕೂತು ಬರೆದದ್ದನ್ನು ಯಾರು ಓದುತ್ತಾರೆ? ಕೇಂದ್ರದ ಬೀರುವಿನಲ್ಲಿ ಪುಸ್ತಕಗಳ ಕಟ್ಟು ಬಿಚ್ಚದೆ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು, ಪ್ರತಿಯೊಂದರ ಮೇಲೂ ತನ್ನ ಹೆಸರು, ದೊಡ್ಡಕ್ಷರದಲ್ಲಿ. ಹಾಗೆ ಯೋಚಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು. ಕುಕ್ಕರಿನ ಪೆಟ್ಟಿಗೆಯ ಮೇಲೆ ನಗುತ್ತಿದ್ದ ಹೆಂಗಸಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

ದನೂತಾ ಬೀಟ್‌ರೂಟಿನ ಸಾರು ಬಿಸಿ ಮಾಡುತ್ತಿದ್ದಾಗ ಫೋನು ಬಂತು.

"ಹುಷಾರಾಗಿ ತಲುಪಿದ್ಯಾ? ಹೇಗಿದಾರೆ ಅವ್ರು? ನೋಡು, ಆ ಮೆಂತ್ಯದ ಹಿಟ್ಟು ಎಲ್ಲಿಟ್ಟಿದೀಯ? ನಾವಿಬ್ರೂ ಹುಡುಕ್ತಾ ಇದೀವಿ."

"ಮೇಲಿನ ಶೆಲ್ಫಲ್ಲಿ, ಬೋರ್ನ್‌ವಿಟಾ ಡಬ್ಬದಲ್ಲಿ. ಸಿಂಚನಾ ಎಲ್ಲಿ?"

"ಇಲ್ಲೇ ಇದಾಳೆ, ಸ್ಪೀಕರಲ್ಲಿದೀಯ."

"ಪುಟ್ಟ, ಬೆಳಿಗ್ಗೆ ಎಬ್ಬಿಸ್ದೆ ಬಂದೆ, ಬೇಜಾರಾಯ್ತಾ?"

"ಇಟ್ಸ್ ಫೈನ್, ಅಮ್ಮ. ಹ್ಯಾವ್ ಫನ್."

ಅಷ್ಟೇ. ಹುಡುಗಿಯ ಧ್ವನಿಯಲ್ಲಿ ಬೇಜಾರು ಹುಡುಕಿದಳು, ಇರಲಿಲ್ಲ. ಒಂದು ಬಿಕ್ಕು, ಒಂದು ಮುನಿಸು ಇದ್ದಿದ್ದರೆ ಅದರ ಮೇಲೆ ಹೊಣೆ ಹೊರಿಸಿ ಹಿಂದಿರುಗಬಹುದಿತ್ತು, ಅದೂ ಸಿಗಲಿಲ್ಲ. ಚಂದ್ರಶೇಖರ್ ಇನ್ನೂ ಮಾತಾಡುತ್ತಿದ್ದ. ಸಭೆಗೆ ಬರುವವರ ಪಟ್ಟಿ ಬೆಳೆದಿದೆ, ಬೇರೆ ರಾಜ್ಯಗಳ ಸಂಘದವರೂ ಬರುತ್ತಾರೆ, ತಾಯಿ ಮತ್ತು ತಾಯ್ನುಡಿ ಅಂತ ಟಾಪಿಕ್ಕು, ನೀನೇ ಏನಾದ್ರೂ ಮಾಡ್ಬೇಕು ಕಣೇ. ಸರಿ, ಇಡ್ತೀನಿ, ಎಂದು ಅವಳು ಇಟ್ಟಳು. ಇಟ್ಟ ಮರುಗಳಿಗೆ, ದನೂತಾ ಒಲೆಯ ಮುಂದೆ ಬೆನ್ನು ಹಾಕಿ ನಿಂತು ಸೌಟು ತಿರುಗಿಸುತ್ತ ನಾಳೆ ಕೇಂದ್ರದಲ್ಲಿ ಯಾರನ್ನು ಮೊದಲು ಮಾತಾಡಿಸಬೇಕೆಂದು ಹೇಳುತ್ತಿದ್ದಾಗ, ಅರುಂಧತಿಯ ತಲೆಯೊಳಗೆ ಒಂದು ವಾಕ್ಯ ತಾನಾಗಿ ಬಂದು ನಿಂತಿತು. ದೂರ ಹೋದ ಮಕ್ಕಳನ್ನು ತಾಯಿ ಎಣಿಸುವುದಿಲ್ಲ, ಕಾಯುತ್ತಾಳೆ. ಚೆನ್ನಾಗಿತ್ತು. ಎಣಿಸುವುದಿಲ್ಲ ಎಂಬಲ್ಲಿ ಒಂದು ಕ್ಷಣ ನಿಲ್ಲಿಸಬೇಕು, ಸಭೆ ಮುಂದಕ್ಕೆ ಬಾಗುತ್ತದೆ, ಆಗ ಮೆತ್ತಗೆ, ಕಾಯುತ್ತಾಳೆ. ಅವನಿಗೆ ಅದು ಬರುತ್ತದೆ. ಅವನಷ್ಟು ಚೆನ್ನಾಗಿ ಇನ್ನಾರಿಗೂ ಬರುವುದಿಲ್ಲ. ಮಲಗಿದ್ದ ಮಗಳ ಪಾದ ನೋಡಿ ಬಿಟ್ಟು ಬಂದವಳು ನೂರಾರು ಮೈಲಿಯಾಚೆ ಇನ್ನೊಬ್ಬಳ ಅಡುಗೆಮನೆಯಲ್ಲಿ ಕೂತು ಕಾಯುವ ತಾಯಿಯ ಬಗ್ಗೆ ವಾಕ್ಯ ಹೊಸೆಯುತ್ತಿದ್ದಾಳೆ, ಅದೂ ಸಂತೋಷದಿಂದ! ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ತಾನು ಯಾರ ಕೈಯಿಂದ ತಪ್ಪಿಸಿಕೊಳ್ಳಬೇಕೆಂದು ಬಂದಿದ್ದಳೋ ಆ ಮನುಷ್ಯ ಸಿಡ್ನಿಯ ರೌಸ್ ಹಿಲ್ಲಿನ ಮನೆಯಲ್ಲಿ ಮೆಂತ್ಯದ ಹಿಟ್ಟು ಹುಡುಕುತ್ತಿದ್ದಾನೆ, ಪಾಪ, ಅವನಿಗೆ ಏನೂ ಗೊತ್ತಿಲ್ಲ. ಅವನ ಗಂಟಲಿಲ್ಲದೆ ತನಗೆ ಬರೆಯುವುದಕ್ಕೇ ಬರುವುದಿಲ್ಲ. ತನ್ನ ಹೆಸರಿನಲ್ಲಿ ಹೇಳುವಂಥದ್ದು ಇಷ್ಟು ವರ್ಷ ಒಳಗೆ ಕೂತಿದೆಯೆಂದು ದನೂತಾ ನಂಬಿದ್ದಳು, ಅವಳೂ ನಂಬಿದ್ದಳು. ಬಾಗಿಲು ತೆರೆದು ನೋಡಿದರೆ ಒಳಗೆ ಇದ್ದದ್ದು ಇನ್ನೊಂದು ಭಾಷಣ.

"ದನೂತಾ, ನಾನು ಸಂಜೆ ವಾಪಸ್ ಹೋಗುತ್ತೇನೆ."

ಸೌಟು ನಿಂತಿತು. ದನೂತಾ ತಿರುಗಲಿಲ್ಲ. ನಿಜವನ್ನು ಹೇಳಬೇಕೆಂದು ಅರುಂಧತಿ ಬಾಯಿ ತೆರೆದಳು. ಆ ಚಪ್ಪಾಳೆ, ಆ ಜುಮ್ಮೆಂದದ್ದು, ಈಗ ಹುಟ್ಟಿದ ವಾಕ್ಯ. ಹೇಳಿದ್ದರೆ ದನೂತಾ ಬೈಯುತ್ತಿದ್ದಳೇನೋ, ಜಗಳವಾಡಿ, ಬೆನ್ನಿಗೆ ಗುದ್ದಿ ಆ ಮೇಜಿನ ಮುಂದೆ ಕೂರಿಸುತ್ತಿದ್ದಳೇನೋ. ಬಾಯಿಂದ ಬಂದದ್ದು ಬೇರೆ.

"ಮಗಳು ಇನ್ನೂ ಚಿಕ್ಕವಳು. ಅವನೊಬ್ಬನಿಗೆ ಆಗುವುದಿಲ್ಲ. ಗಂಡ, ಮಗಳು, ಏನು ಮಾಡಲಿ?"

ಹೇಳಿ ಮುಗಿಸಿದ ಮೇಲೆ ಆ ಮಾತು ಯಾರದ್ದೆಂದು ಅವಳಿಗೆ ಗೊತ್ತಾಯಿತು. ಕಾರ್‌ಪಾರ್ಕಿನಲ್ಲಿ ತಾನೇ ಕೇಳಿಸಿಕೊಂಡ ಮಾತು. ವಾಪಸ್ ನುಂಗಲು ಆಗಲಿಲ್ಲ. ದನೂತಾಳ ಕತ್ತಿನ ಹಿಂಭಾಗದ, ಹುಡುಗರ ಹಾಗೆ ಕತ್ತರಿಸಿದ ಬಿಳಿಕೂದಲು ಕಾಣುತ್ತಿತ್ತು. ಆ ಕತ್ತು ಒಮ್ಮೆಲೇ ಮುದಿಯಾಯಿತು.

"ಒಚಿವಿಶ್ಚೆ," ಎಂದಳು ದನೂತಾ. ಸೌಟು ಮತ್ತೆ ತಿರುಗತೊಡಗಿತು.

ಇಬ್ಬರೂ ಸಾರು ಕುಡಿದರು. ಉಪ್ಪು ಸಾಕೇ ಎಂದು ದನೂತಾ ಕೇಳಿದಳು, ಸಾಕು ಎಂದು ಅರುಂಧತಿ ಹೇಳಿದಳು. ತಟ್ಟೆಗಳನ್ನು ತೊಳೆದು ಇಡುವಾಗ ಹಿಂದಿನ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು, ಅದನ್ನು ಆರಿಸಲು ಇಬ್ಬರೂ ಹೋಗಲಿಲ್ಲ. ನಿಲ್ದಾಣಕ್ಕೆ ಬಿಡಲು ಬರುತ್ತೇನೆಂದು ದನೂತಾ ಹೇಳಲಿಲ್ಲ, ಟ್ಯಾಕ್ಸಿ ಕರೆಸಿದಳು. ಗೇಟಿನ ಬಳಿ ಅರುಂಧತಿ ಅವಳನ್ನು ತಬ್ಬಿಕೊಂಡಾಗ ಅವಳು ತಬ್ಬಿಸಿಕೊಂಡು ನಿಂತಳು, ಅಷ್ಟೇ. ಅವಳ ಎರಡೂ ಕೈ ಏಪ್ರನ್ನಿನ ಜೇಬಿನಲ್ಲೇ ಇದ್ದವು. ನಾಳೆ ಬೆಳಿಗ್ಗೆ ಕೇಂದ್ರದವರಿಗೆ ಏನು ಹೇಳುತ್ತೀಯ ಎಂದು ಅರುಂಧತಿ ಕೇಳಿದಳು. "ಗಾಡಿ ತಳ್ಳುವವಳು ಬರಲಿಲ್ಲ ಎನ್ನುತ್ತೇನೆ," ಎಂದಳು ದನೂತಾ. ತಮಾಷೆಯೇ ಇರಬೇಕು. ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಅವಳು ಒಳಗೆ ಹೋಗದೆ ನಿಂತೇ ಇದ್ದದ್ದು ಕಂಡಿತು. ಇನ್ನು ಇವಳಿಗೆ ಫೋನು ಮಾಡಲು ನನಗೆ ಮುಖವಿರುವುದಿಲ್ಲ ಎಂದು ಅರುಂಧತಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅಳು ಬರಲಿಲ್ಲ. ವಿಮಾನದಲ್ಲಿ ಪಕ್ಕದವಳು ಕೊಟ್ಟ ಪೆಪ್ಪರ್‌ಮಿಂಟನ್ನು ಥ್ಯಾಂಕ್ಯೂ ಹೇಳಿ ತಿಂದಳು.

ಸಿಡ್ನಿಯಲ್ಲಿ ಅಪ್ಪ ಮಗಳು ಇಬ್ಬರೂ ಬಂದಿದ್ದರು. ಸಿಂಚನಾ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು, ಹತ್ತಿರ ಬಂದದ್ದೇ ಮುಂದೆ ಚಾಚಿ, "ಹ್ಯಾಪಿ ಮದರ್ಸ್ ಡೇ, ಅಮ್ಮ! ಸರ್‌ಪ್ರೈಸ್!" ಎಂದಳು. ಬಿಳಿ ಸೇವಂತಿಗೆ. ದೊಡ್ಡ ಕಟ್ಟು, ಹಾಳೆ ಸುತ್ತಿ ರಿಬ್ಬನ್ನು ಕಟ್ಟಿಸಿದ್ದರು. "ಅವಳೇ ಸೆಲೆಕ್ಟ್ ಮಾಡಿದ್ದು, ತನ್ನ ದುಡ್ಡಲ್ಲೇ," ಎಂದ ಚಂದ್ರಶೇಖರ್ ಹೆಮ್ಮೆಯಿಂದ. ಹುಡುಗಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅರುಂಧತಿ ಎರಡೂ ಕೈ ಮುಂದಿಟ್ಟು ಹೂವನ್ನು ತೆಗೆದುಕೊಂಡಳು. ತುಂಬಾ ಚೆನ್ನಾಗಿದೆ ಪುಟ್ಟ, ಎಂದಳು. ಚಂದ್ರಶೇಖರ್ ಬ್ಯಾಗನ್ನು ಎತ್ತಿ ಡಿಕ್ಕಿಯಲ್ಲಿ ಇಡುವಾಗ ಮತ್ತೆ ಒಂದು ಗಳಿಗೆ ನಿಂತ.

"ಏನೇ, ಬ್ಯಾಗ್ ಹಾಗೇ ಇದೆ? ಚಟ್ನಿಪುಡಿ ಕೊಡ್ಲಿಲ್ವಾ?"

"ಮರ್ತೇಹೋಯ್ತು."

"ಒಳ್ಳೆ ಕತೆ! ಅದಕ್ಕೇ ತಾನೆ ಹೋಗಿದ್ದು ನೀನು," ಎಂದು ನಕ್ಕ. ಸಿಂಚನಾಳೂ ನಕ್ಕಳು. ಅವರ ಜೊತೆ ಅವಳೂ ನಕ್ಕಳು. ಎಂ ಟೂ ರಸ್ತೆಗೆ ಬರುವವರೆಗೂ ಅವನು ಮಧ್ಯಾಹ್ನ ಕರಟಿಹೋದ ಮೆಂತ್ಯದ ಗೊಜ್ಜಿನ ಕಥೆ ಹೇಳಿದ. ಆಮೇಲೆ ಬೆಳಗಿನದೇ ಸಂಕೋಚದಿಂದ, "ಪಾಯಿಂಟ್ಸ್ ಏನಾದ್ರೂ ಹೊಳೀತಾ?" ಎಂದ. ಅವಳು ಹೊರಗೆ ನೋಡುತ್ತಲೇ ಹೇಳಿದಳು. ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಹೇಳಿದಳು. ಅವನು ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತ ಬಾಯಲ್ಲಿ ಒಂದೆರಡು ಸಲ ಹೊರಳಿಸಿ, ಗಂಟಲು ಸರಿಮಾಡಿಕೊಂಡು, ಸಭೆಗೆ ಹೇಳುವ ಧ್ವನಿಯಲ್ಲಿ ಹೇಳಿ ನೋಡಿದ. "ದೂರ ಹೋದ ಮಕ್ಕಳನ್ನು ತಾಯಿ ಎಣಿಸುವುದಿಲ್ಲ... ಕಾಯುತ್ತಾಳೆ." ಕಾರಿನೊಳಗೆ ಅದು ತುಂಬಿಕೊಂಡಿತು. ಅವಳ ಮೈ ಜುಮ್ಮೆಂದಿತು, ಇವತ್ತೂ.

ಹಿಂದಿನ ಸೀಟಿನಿಂದ ಸಿಂಚನಾ, "ವಾವ್, ದಟ್ಸ್ ಸೋ ನೈಸ್, ಅಪ್ಪ," ಎಂದಳು.

ಹೂವಿನ ಕಟ್ಟು ಅರುಂಧತಿಯ ಮಡಿಲಲ್ಲಿತ್ತು. ತಿರುವು ಬಂದಾಗ ಅದು ಜಾರಿತು. ಅವಳು ಅದನ್ನು ಎತ್ತಿ ಎದೆಯ ಮೇಲೆ ನೆಟ್ಟಗೆ ಇಟ್ಟುಕೊಂಡು, ಮೇಲೆ ಎರಡೂ ಕೈ ಜೋಡಿಸಿ, ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಸುಸ್ತಾಗಿದೆ, ಮಲಗಲಿ ಬಿಡು ಎಂದು ಅವನು ಮಗಳಿಗೆ ಮೆತ್ತಗೆ ಹೇಳಿ ರೇಡಿಯೋ ಆರಿಸಿದ.